ಎಟಿಯೋಸ್ ಮಾಲೀಕರ ಲೆಕ್ಕ: ಬಿಡದಿಯ ಸೆಡಾನ್ ಗೆದ್ದದ್ದೆಲ್ಲಿ, ಸೋತದ್ದೆಲ್ಲಿ?

ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸುವವರ ಹತ್ತಿರ ಟೊಯೊಟಾ ಎಟಿಯೋಸ್ ಹೇಗೆ ಎಂದು ಕೇಳಿದರೆ ಉತ್ತರಕ್ಕೆ ಕಾಯಬೇಕಿಲ್ಲ. ‘ಗಾಡಿ ಕೈ ಕೊಡಲ್ಲ ಸಾರ್’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅದೇ ಕಾರನ್ನು ಮನೆ ಬಳಕೆಗೆಂದು ಕೊಂಡವರನ್ನು ಕೇಳಿದರೆ ಮಾತು ಉದ್ದವಾಗುತ್ತದೆ. ಎಂಜಿನ್ ಚೆನ್ನಾಗಿದೆ, ಜಾಗ ಧಾರಾಳ, ಎ.ಸಿ. ಚುರುಕು ಎಂದು ಶುರುವಾಗಿ ‘ಆದರೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆಮೇಲೆ ದೂರುಗಳ ಪಟ್ಟಿ: ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್, ಸ್ಟಿಯರಿಂಗ್ ಹಿಂದೆ ಇರಬೇಕಾದ ಮೀಟರ್ ನಡುವೆ ಇರುವುದು, ಬಾಗಿಲು ಹಾಕಿದಾಗ ಬರುವ ಟೊಳ್ಳು ಸದ್ದು, ಕೊನೆಗೆ ‘ಟ್ಯಾಕ್ಸಿ ಅಂದುಕೊಂಡು ಜನ ಕೈ ಅಡ್ಡ ಹಾಕ್ತಾರೆ’ ಎಂಬ ಅಳಲು.

ಈ ಎರಡೂ ಅಭಿಪ್ರಾಯಗಳು ಪೂರ್ತಿ ನಿಜ. ಎಟಿಯೋಸ್‌ನ ವಿಶೇಷ ಇರುವುದೂ ಅಲ್ಲೇ. ಅದರ ಗುಣ ಮತ್ತು ದೋಷಗಳು ಬೇರೆ ಬೇರೆ ಕಡೆಯಿಂದ ಬಂದವಲ್ಲ. ಕೈಯಲ್ಲಿದ್ದ ದುಡ್ಡನ್ನು ಎಂಜಿನ್ನಿಗೆ, ಹಿಂದಿನ ಸೀಟಿಗೆ, ಡಿಕ್ಕಿಗೆ ಸುರಿದು, ಕಣ್ಣಿಗೆ ಬೀಳುವ ಕಡೆಗಳಲ್ಲಿ ಕೈ ಬಿಗಿಹಿಡಿದ ಒಂದೇ ತೀರ್ಮಾನ ಎರಡಕ್ಕೂ ಕಾರಣ. ಆ ತೀರ್ಮಾನದ ಲಾಭ ಯಾರಿಗೆ ಸಿಕ್ಕಿತು, ನಷ್ಟ ಯಾರ ಪಾಲಾಯಿತು ಎಂಬುದನ್ನು ಮಾಲೀಕರ ಮಾತುಗಳಿಂದಲೇ ಬಿಡಿಸಿ ನೋಡಬಹುದು.

ಬಿಡದಿಯಲ್ಲಿ ಹುಟ್ಟಿದ ಕಾರು

ಕಿರ್ಲೋಸ್ಕರ್ ಸಮೂಹದ ಜೊತೆ ಸೇರಿ ಟೊಯೊಟಾ ಭಾರತದ ಕಂಪನಿಯನ್ನು ಕಟ್ಟಿದ್ದು 1997ರಲ್ಲಿ. ಮೈಸೂರು ರಸ್ತೆಯ ಬಿಡದಿಯಲ್ಲಿ ಕಾರ್ಖಾನೆ ಎದ್ದಿತು. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನೋವಾ ಬಂದವು. ಎರಡೂ ಗೆದ್ದವು, ಎರಡೂ ದೊಡ್ಡ ಗಾಡಿಗಳು. ದೇಶದಲ್ಲಿ ಮಾರಾಟದ ಬಹುಪಾಲು ಇದ್ದದ್ದು ಮಾತ್ರ ಸಣ್ಣ ಕಾರುಗಳಲ್ಲಿ. ಆ ಮಾರುಕಟ್ಟೆಗೆ ಇಳಿಯಲು ಟೊಯೊಟಾ ಹಳೆಯ ವಿದೇಶಿ ಮಾದರಿಯೊಂದನ್ನು ತಂದು ಕೂರಿಸಲಿಲ್ಲ. ಯೊಶಿನೊರಿ ನೊರಿತಾಕೆ ಎಂಬ ಮುಖ್ಯ ಎಂಜಿನಿಯರ್ ನೇತೃತ್ವದಲ್ಲಿ ಭಾರತಕ್ಕೆಂದೇ ಹೊಸ ಕಾರನ್ನು ರೂಪಿಸಿತು. ಅದಕ್ಕಾಗಿ ಬಿಡದಿಯಲ್ಲಿ ಎರಡನೇ ಘಟಕವನ್ನೂ ಕಟ್ಟಿತು.

2010ರ ಜನವರಿಯ ದೆಹಲಿ ಆಟೋ ಎಕ್ಸ್‌ಪೊದಲ್ಲಿ ಮುಖ ತೋರಿಸಿದ ಎಟಿಯೋಸ್, ಅದೇ ವರ್ಷ ಡಿಸೆಂಬರ್ 1ರಂದು ಮಾರುಕಟ್ಟೆಗೆ ಬಂತು. ಆರಂಭಿಕ ಮಾದರಿಯ ಬೆಲೆ ದೆಹಲಿ ಶೋರೂಮಿನಲ್ಲಿ 4.96 ಲಕ್ಷ ರೂಪಾಯಿ. ಟೊಯೊಟಾ ಸೆಡಾನ್ ಐದು ಲಕ್ಷದೊಳಗೆ ಸಿಗುತ್ತದೆ ಎಂಬುದೇ ಆಗ ದೊಡ್ಡ ಸುದ್ದಿ. 2011ರ ಜೂನ್‌ನಲ್ಲಿ ಇದರ ಹ್ಯಾಚ್‌ಬ್ಯಾಕ್ ರೂಪ ಲಿವಾ ಬಂತು, ಸೆಪ್ಟೆಂಬರ್‌ನಲ್ಲಿ ಡೀಸೆಲ್ ಬಂತು.

ಹಿಂದಿನ ಸೀಟಿನವರ ಮೆಚ್ಚುಗೆ

ಮಾಲೀಕರ ಹೊಗಳಿಕೆ ಸಾಮಾನ್ಯವಾಗಿ ಶುರುವಾಗುವುದು ಹಿಂಬದಿಯಿಂದ. ಡಿಕ್ಕಿಯ ಜಾಗ 595 ಲೀಟರ್. ಇದೇ ಹೊತ್ತಿನಲ್ಲಿ ಮಾರಾಟದಲ್ಲಿದ್ದ ಮೊದಲ ತಲೆಮಾರಿನ ಸ್ವಿಫ್ಟ್ ಡಿಜೈರ್‌ನದು 440 ಲೀಟರ್. ವಿದೇಶದಿಂದ ಬಂದ ಕುಟುಂಬದ ದೊಡ್ಡ ಸೂಟ್‌ಕೇಸ್‌ಗಳು, ಅವುಗಳ ಪಕ್ಕದ ಸಂದಿಯಲ್ಲಿ ಕೈಚೀಲಗಳು, ಮೇಲೊಂದು ತಿಂಡಿಯ ಡಬ್ಬ, ಇಷ್ಟನ್ನೂ ನುಂಗಿ ಮುಚ್ಚಳ ಮುಚ್ಚುವ ಡಿಕ್ಕಿ ಅದು. 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಬೆಂಗಳೂರಿನ ಟ್ಯಾಕ್ಸಿ ವ್ಯವಹಾರದ ಬೆನ್ನೆಲುಬೇ ವಿಮಾನ ನಿಲ್ದಾಣದ ಓಡಾಟವಾಯಿತು. ಕ್ಯಾರಿಯರ್ ಕಟ್ಟದೆ, ಮುಂದಿನ ಸೀಟಿನಲ್ಲಿ ಲಗೇಜ್ ತುರುಕದೆ ನಾಲ್ವರನ್ನು ಕರೆದೊಯ್ಯಬಲ್ಲ ಸೆಡಾನ್ ಎಂದರೆ ಚಾಲಕನಿಗೆ ನೇರ ಸಂಪಾದನೆ.

ಹಿಂದಿನ ಸೀಟಿನ ಕಥೆಯೂ ಹಾಗೆಯೇ. ಗಾಲಿಗಳ ನಡುವಿನ ಅಂತರ 2,550 ಮಿಲಿಮೀಟರ್. ನೆಲ ಬಹುತೇಕ ಸಪಾಟು, ನಡುವೆ ಉಬ್ಬಿಕೊಂಡು ಕಾಲಿಗೆ ತಾಗುವ ದಿಬ್ಬವಿಲ್ಲ. ಹಾಗಾಗಿ ಮಧ್ಯದಲ್ಲಿ ಕೂತವರು ಮೊಣಕಾಲು ಎತ್ತಿಕೊಂಡು ಮುದುರಬೇಕಿಲ್ಲ. ಬಾಗಿಲು ಅಗಲವಾಗಿ ತೆರೆಯುತ್ತದೆ, ಸೀಟು ತೀರಾ ತಗ್ಗಿನಲ್ಲಿಲ್ಲ. ಮಂಡಿನೋವಿನ ಅಜ್ಜಿ ಸೀರೆಯ ನೆರಿಗೆ ಹಿಡಿದುಕೊಂಡು, ತಲೆ ಬಗ್ಗಿಸದೆ, ಮೊದಲು ಕೂತು ಆಮೇಲೆ ಕಾಲು ಒಳಗೆ ಎಳೆದುಕೊಳ್ಳುವುದನ್ನು ನೋಡಿದರೆ ಈ ಕಾರನ್ನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾರೆಂದು ತಿಳಿಯುತ್ತದೆ. ಬಾಗಿಲುಗಳಲ್ಲಿ ದೊಡ್ಡ ನೀರಿನ ಬಾಟಲಿಗೆ ಜಾಗ, ಮುಂದಿನ ಗ್ಲೋವ್ ಬಾಕ್ಸ್‌ಗೆ ಎ.ಸಿ.ಯ ತಂಪು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಓಡಾಡುವ ಮಾಲೀಕರು ಎ.ಸಿ.ಯನ್ನು ಎಂಜಿನ್ನಿಗಿಂತ ಮೊದಲು ಹೊಗಳುವುದುಂಟು.

ಎಂಜಿನ್: ಎರಡು ಬಗೆ, ಎರಡು ಮಾತು

ಪೆಟ್ರೋಲ್ ಎಟಿಯೋಸ್‌ನದು 1,496 ಸಿ.ಸಿ. ಎಂಜಿನ್, 90 ಪಿ.ಎಸ್. ಶಕ್ತಿ. ಮುಖ್ಯವಾದದ್ದು ಇನ್ನೊಂದು ಅಂಕಿ: ಅದರ 132 ಎನ್.ಎಂ. ಟಾರ್ಕ್ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗಲೇ ಪೂರ್ತಿ ಸಿಗುತ್ತದೆ. ಕಾರಿನ ತೂಕವೂ ಒಂದು ಟನ್ನಿಗಿಂತ ಕಡಿಮೆ. ಹಾಗಾಗಿ ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್ನಿನಲ್ಲಿ ಪದೇಪದೇ ಗೇರ್ ಇಳಿಸುವ ಕಷ್ಟವಿಲ್ಲ, ಹೆದ್ದಾರಿಯಲ್ಲಿ ಲಾರಿ ದಾಟುವಾಗ ಉಸಿರು ಬಿಗಿಹಿಡಿಯಬೇಕಿಲ್ಲ. ಸಾಧುವಾಗಿ ಕಾಣುವ ಈ ಕಾರನ್ನೇ ಬಳಸಿ ಟೊಯೊಟಾ ಭಾರತದಲ್ಲಿ ರೇಸ್ ಸರಣಿಯೊಂದನ್ನು ನಡೆಸಿದ್ದನ್ನು ಪೆಟ್ರೋಲ್ ಮಾಲೀಕರು ಈಗಲೂ ಹೆಮ್ಮೆಯಿಂದ ನೆನೆಯುತ್ತಾರೆ.

ಡೀಸೆಲ್ ಬೇರೆಯೇ ಸ್ವಭಾವದ್ದು. 1,364 ಸಿ.ಸಿ. ಎಂಜಿನ್, ಶಕ್ತಿ ಬರೀ 68 ಪಿ.ಎಸ್. ಇದೇ ಎಂಜಿನ್ನಿನ ಹೆಚ್ಚು ಬಲದ ರೂಪ ಕೊರೋಲಾ ಆಲ್ಟಿಸ್‌ನಲ್ಲಿ 88 ಪಿ.ಎಸ್. ಕೊಡುತ್ತಿತ್ತು. ಎಟಿಯೋಸ್‌ಗೆ ಅದನ್ನು ಸರಳಗೊಳಿಸಿ, ಬಲ ತಗ್ಗಿಸಿ ಕೂರಿಸಲಾಯಿತು. ಐದು ಜನ, ಡಿಕ್ಕಿ ತುಂಬ ಸಾಮಾನು, ಎ.ಸಿ. ಚಾಲೂ ಇಟ್ಟುಕೊಂಡು ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವಾಗ ಇದರ ಮಿತಿ ಗೊತ್ತಾಗುತ್ತದೆ. ತಿರುವಿನಲ್ಲಿ ವೇಗ ತಗ್ಗಿ ಟರ್ಬೊ ಮಲಗಿದರೆ ಮತ್ತೆ ಎಬ್ಬಿಸಲು ಗೇರ್ ಇಳಿಸಲೇಬೇಕು. ನಿಂತಲ್ಲಿ ಎಂಜಿನ್ನಿನ ಗಡಗಡ ಸದ್ದು ಕ್ಯಾಬಿನ್ ಒಳಗೂ ಕೇಳುತ್ತದೆ, ಗೇರ್ ಲಿವರ್ ಮೆಲ್ಲಗೆ ನಡುಗುತ್ತದೆ.

ಆದರೂ ಹಳದಿ ಬೋರ್ಡಿನ ಮಾಲೀಕರಿಗೆ ಪ್ರಿಯವಾದದ್ದು ಈ ಡೀಸೆಲ್ಲೇ. ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 23.59 ಕಿಲೋಮೀಟರ್. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ 2010ರ ಜೂನ್‌ನಲ್ಲೇ ಹೋಗಿತ್ತು. ಡೀಸೆಲ್‌ನದು ಪೂರ್ತಿಯಾಗಿ ಹೋದದ್ದು 2014ರ ಅಕ್ಟೋಬರ್‌ನಲ್ಲಿ. ಎಟಿಯೋಸ್ ಡೀಸೆಲ್ ಹರಡಿದ್ದು ಸರಿಯಾಗಿ ಈ ನಡುವಿನ ವರ್ಷಗಳಲ್ಲಿ. ಎರಡು ಇಂಧನಗಳ ಬೆಲೆಯ ಅಂತರವೇ ಸಾಲದ ಕಂತು ಕಟ್ಟಿಕೊಡುತ್ತಿತ್ತು. ಇನ್ನು ಬಾಳಿಕೆ. ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವ, ಬಲ ತಗ್ಗಿಸಿ ಸರಳಗೊಳಿಸಿದ ಎಂಜಿನ್ ಇದು. ಆಯಿಲ್ ಸಮಯಕ್ಕೆ ಬದಲಿಸಿದವರು ‘ಎಂಜಿನ್ ಬಿಚ್ಚಿಲ್ಲ’ ಎಂದು ಹೇಳುವ ಹೊತ್ತಿಗೆ ಮೀಟರ್ ಹಲವು ಲಕ್ಷ ಕಿಲೋಮೀಟರ್ ದಾಟಿರುತ್ತದೆ. ಟ್ಯಾಕ್ಸಿ ಲೋಕದಲ್ಲಿ ಒಂದು ಗಾಡಿಗೆ ಸಿಗುವ ಅತಿ ದೊಡ್ಡ ಬಿರುದು ಅದು.

ಕಣ್ಣಿಗೆ ಬೀಳುವ ಕಡೆ ಕೊರತೆ

ಈಗ ದೂರುಗಳತ್ತ. ಮೊದಲನೆಯದು ಮೀಟರ್. ಡ್ಯಾಶ್‌ಬೋರ್ಡಿನ ನಡುವೆ ಮೀಟರ್ ಇಟ್ಟರೆ ಎಡಗೈ, ಬಲಗೈ ಎರಡೂ ಬಗೆಯ ಚಾಲನೆಯ ದೇಶಗಳಿಗೆ ಒಂದೇ ವಿನ್ಯಾಸ ಸಾಕು, ಖರ್ಚು ಉಳಿಯುತ್ತದೆ. ಆದರೆ ಎದುರಿಗೆ ನೋಡಿ ಅಭ್ಯಾಸವಾದ ಚಾಲಕ ಪ್ರತಿ ಸಲ ಎಡಕ್ಕೆ ಕಣ್ಣು ಹಾಯಿಸಬೇಕು. ಮನೆಯವರ ಮಟ್ಟಿಗೆ ಇದರ ಇನ್ನೊಂದು ಪರಿಣಾಮವೂ ಇತ್ತು. ಮುಳ್ಳು ಎಷ್ಟರ ಮೇಲಿದೆ ಎಂಬುದು ಹಿಂದಿನ ಸೀಟಿಗೂ ಕಾಣುತ್ತಿತ್ತು, ನೂರರ ಹತ್ತಿರ ಹೋದರೆ ಅಲ್ಲಿಂದ ಎಚ್ಚರಿಕೆ ಬರುತ್ತಿತ್ತು.

ಎರಡನೆಯದು ಒಳಾಂಗಣದ ಗುಣಮಟ್ಟ. ಆರಂಭದ ಮಾದರಿಗಳ ಪ್ಲಾಸ್ಟಿಕ್ ಗಡುಸು, ಬಣ್ಣ ಮಂಕು, ಜೋಡಣೆಯಲ್ಲಿ ಅಲ್ಲಲ್ಲಿ ಸಂದಿ. ಕೊರೋಲಾ ನೋಡಿ ಟೊಯೊಟಾ ಎಂದರೆ ಹೀಗಿರುತ್ತದೆ ಎಂದುಕೊಂಡು ಶೋರೂಮಿಗೆ ಬಂದವರಿಗೆ ನಿರಾಶೆಯಾಯಿತು. ಗಾಜಿನ ಮೇಲೆ ಒಂದೇ ವೈಪರ್ ಇರುವುದನ್ನು ಕಂಡು ಹಲವರು ಹುಬ್ಬೇರಿಸಿದರು. ಆಗುಂಬೆ, ಮಡಿಕೇರಿಯ ಜುಲೈ ಮಳೆಯಲ್ಲಿ ಓಡಿಸುವವರಿಗೆ ಅದು ಬರೀ ನೋಟದ ಪ್ರಶ್ನೆಯೂ ಆಗಿರಲಿಲ್ಲ.

ಮೂರನೆಯದು ಹಗುರ ಮೈ. ಅದೇ ಹಗುರತನ ಮೈಲೇಜ್ ಕೊಟ್ಟಿತು, ಪಿಕಪ್ ಕೊಟ್ಟಿತು. ಆದರೆ ಹೆದ್ದಾರಿಯಲ್ಲಿ ವೇಗ ಏರಿದಾಗ ಗಾಳಿಯ, ಟೈರಿನ ಸದ್ದು ಒಳಗೆ ನುಗ್ಗುತ್ತದೆ, ಅಡ್ಡಗಾಳಿ ಬಂದಾಗ ಸ್ಟಿಯರಿಂಗ್ ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಟ್ಯಾಕ್ಸಿಗಳಿಗೆ ಗಂಟೆಗೆ 80 ಕಿ.ಮೀ. ವೇಗಮಿತಿಯ ಸಾಧನ ಕಡ್ಡಾಯವಾದ ಮೇಲೆ ಆ ಚಾಲಕರಿಗೆ ಈ ಅನುಭವ ಆಗುವ ಸಂದರ್ಭವೇ ಕಡಿಮೆಯಾಯಿತು. ವಾರಾಂತ್ಯಕ್ಕೆ ಹುಬ್ಬಳ್ಳಿಗೋ ಮಂಗಳೂರಿಗೋ ಹೊರಡುವ ಸ್ವಂತ ಕಾರಿನ ಮಾಲೀಕನಿಗೆ ಅದೇ ದೊಡ್ಡ ದೂರು. ನಗರದ ದಟ್ಟಣೆ ಹೆಚ್ಚಿದಂತೆ ಇನ್ನೊಂದು ಕೊರತೆಯೂ ಸೇರಿತು. ಭಾರತದಲ್ಲಿ ಎಟಿಯೋಸ್‌ಗೆ ಆಟೋಮ್ಯಾಟಿಕ್ ಗೇರ್ ಕೊನೆಯವರೆಗೂ ಬರಲಿಲ್ಲ.

ಟೊಯೊಟಾ ಈ ದೂರುಗಳಿಗೆ ಕಿವಿಗೊಡಲಿಲ್ಲ ಎನ್ನುವಂತಿಲ್ಲ. ಒಳಾಂಗಣ ಹಂತಹಂತವಾಗಿ ಸುಧಾರಿಸಿತು. 2016ರಲ್ಲಿ ಪ್ಲಾಟಿನಂ ಎಟಿಯೋಸ್ ಎಂಬ ಹೊಸ ಮುಖದ ಮಾದರಿ ಬಂತು. ಸುರಕ್ಷತೆಯಲ್ಲಂತೂ ಕಂಪನಿ ಸ್ಪರ್ಧಿಗಳಿಗಿಂತ ಮುಂದಿತ್ತು. ಎರಡು ಏರ್‌ಬ್ಯಾಗ್ ಕೊಡಬೇಕೆಂಬ ಕಾನೂನು ಇನ್ನೂ ಬಾರದ 2015ರಲ್ಲೇ ಎಟಿಯೋಸ್‌ನ ಎಲ್ಲ ಮಾದರಿಗಳಿಗೂ ಅವನ್ನು ಅಳವಡಿಸಿತು. 2016ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ನಾಲ್ಕು ತಾರೆ, ಮಕ್ಕಳ ರಕ್ಷಣೆಗೆ ಎರಡು ತಾರೆ ಸಿಕ್ಕವು. ‘ಬಾಡಿ ಲೈಟು, ತಗಡು’ ಎಂದು ಬೈಸಿಕೊಂಡ ಕಾರಿಗೆ ನಾಲ್ಕು ತಾರೆ ಬಂದದ್ದು, ತಟ್ಟಿ ನೋಡಿ ಗಟ್ಟಿತನ ಅಳೆಯುವ ನಮ್ಮ ಅಭ್ಯಾಸವನ್ನೇ ಪ್ರಶ್ನಿಸುವಂತಿತ್ತು. ತಾರೆ ಕೊಡುವಾಗ ಲೆಕ್ಕಕ್ಕೆ ಬರುವುದು ಒಳಗಿನ ಚೌಕಟ್ಟು, ಬೆಲ್ಟ್, ಏರ್‌ಬ್ಯಾಗ್‌ಗಳು ಒಟ್ಟಾಗಿ ಮನುಷ್ಯನನ್ನು ಹೇಗೆ ಕಾಯುತ್ತವೆ ಎಂಬುದು. ಬಾಗಿಲಿನ ಸದ್ದಿಗೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕು ಮೀಟರಿನ ಗೆರೆ

ಎಟಿಯೋಸ್ ಮಾಲೀಕರು ಮೆಚ್ಚುವ ಜಾಗಕ್ಕೂ, ಅದು ಮಾರುಕಟ್ಟೆಯಲ್ಲಿ ಪಟ್ಟ ಪಾಡಿಗೂ ಒಂದೇ ಕಾರಣವಿದೆ: ಅದರ ಉದ್ದ 4,265 ಮಿಲಿಮೀಟರ್. 2006ರ ಕೇಂದ್ರ ಬಜೆಟ್ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿತು. ಸಣ್ಣ ಕಾರು ಎನಿಸಿಕೊಳ್ಳಲು ಉದ್ದ ನಾಲ್ಕು ಮೀಟರ್ ಮೀರಬಾರದು, ಎಂಜಿನ್ ಪೆಟ್ರೋಲ್ ಆದರೆ 1,200 ಸಿ.ಸಿ., ಡೀಸೆಲ್ ಆದರೆ 1,500 ಸಿ.ಸಿ. ಒಳಗಿರಬೇಕು. ಹ್ಯಾಚ್‌ಬ್ಯಾಕ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆದ ಈ ಗೆರೆ ನಮ್ಮ ಸೆಡಾನ್‌ಗಳ ಆಕಾರವನ್ನೇ ಬದಲಿಸಿತು.

2008ರಲ್ಲಿ ಟಾಟಾ ಇಂಡಿಗೊ ಸಿ.ಎಸ್. ಬಾಲ ಮೊಟಕುಗೊಳಿಸಿಕೊಂಡು ಗೆರೆಯೊಳಗೆ ಬಂತು. ಅದೇ ವರ್ಷ ಬಂದ ಡಿಜೈರ್ 4,160 ಮಿ.ಮೀ. ಇತ್ತು. 2012ರ ಹೊಸ ಡಿಜೈರ್ 3,995 ಮಿ.ಮೀ.ಗೆ ಇಳಿಯಿತು, ಡಿಕ್ಕಿ 440ರಿಂದ 316 ಲೀಟರಿಗೆ ಕುಗ್ಗಿತು. ಜನ ಡಿಕ್ಕಿ ಚಿಕ್ಕದಾಯಿತೆಂದು ಗೊಣಗಿದರು, ಆದರೂ ಸಾಲುಗಟ್ಟಿ ಕೊಂಡರು. ಮೈಲೇಜ್, ಊರೂರಿಗೂ ಇರುವ ಸರ್ವಿಸ್ ಸೆಂಟರ್, ಮರುಮಾರಾಟದ ಬೆಲೆ ಇವೆಲ್ಲ ಡಿಜೈರ್ ಪರವಾಗಿದ್ದವು, ಜೊತೆಗೆ ತೆರಿಗೆಯ ಅನುಕೂಲವೂ ಸೇರಿತು. 2013ರಲ್ಲಿ ಹೋಂಡಾ ಅಮೇಜ್, 2014ರಲ್ಲಿ ಹ್ಯುಂಡೈ ಎಕ್ಸೆಂಟ್ ಅದೇ ಗೆರೆಯೊಳಗೆ ಹುಟ್ಟಿದವು.

ಎಟಿಯೋಸ್ ಮಾತ್ರ ಗೆರೆಯ ಆಚೆಯೇ ಉಳಿಯಿತು. 2017ರಲ್ಲಿ ಜಿ.ಎಸ್‌.ಟಿ. ಬಂದ ಮೇಲೆ ಅಂತರ ಇನ್ನೂ ಎದ್ದು ಕಂಡಿತು. ಸಣ್ಣ ಪೆಟ್ರೋಲ್ ಕಾರಿಗೆ ಪರಿಹಾರ ಸೆಸ್ ಸೇರಿ ಶೇ 29 ತೆರಿಗೆ. ಎಟಿಯೋಸ್ ಸೇರುವ ಮಧ್ಯಮ ಗಾತ್ರದ ಕಾರುಗಳ ವರ್ಗಕ್ಕೆ ಅದೇ ಸೆಪ್ಟೆಂಬರ್ ಹೊತ್ತಿಗೆ ಶೇ 45. ಮೂಲಬೆಲೆಯಲ್ಲಿ ಉಳಿಸಲು ಟೊಯೊಟಾ ಪ್ಲಾಸ್ಟಿಕ್‌ನಿಂದ ವೈಪರ್‌ವರೆಗೆ ಪಟ್ಟ ಪಾಡಿನ ಫಲವನ್ನು ತೆರಿಗೆಯೇ ಕೊಂಡೊಯ್ಯಿತು. ಅದೇ ದುಡ್ಡಿಗೆ ಡಿಜೈರ್‌ನಲ್ಲಿ ಟಚ್‌ಸ್ಕ್ರೀನ್, ಆಟೋಮ್ಯಾಟಿಕ್ ಹವಾನಿಯಂತ್ರಣ ಸಿಗುವಾಗ ಗ್ರಾಹಕನಿಗೆ ಎಟಿಯೋಸ್ ಬಡವಾಗಿ ಕಂಡದ್ದು ಸಹಜ.

ಹಳದಿ ಬೋರ್ಡಿನ ಗೆಲುವು

ಮನೆಯವರು ಹಿಂಜರಿದ ಕಡೆಗೆ ಟ್ಯಾಕ್ಸಿಯವರು ನುಗ್ಗಿದರು. ಐ.ಟಿ. ಕಂಪನಿಗಳ ಸಿಬ್ಬಂದಿ ಸಾಗಣೆ, ವಿಮಾನ ನಿಲ್ದಾಣ, 2013ರ ನಂತರ ಆ್ಯಪ್ ಟ್ಯಾಕ್ಸಿಗಳು, ಹೀಗೆ ಎಲ್ಲಿ ನೋಡಿದರೂ ಬಿಳಿ ಎಟಿಯೋಸ್. ಎಟಿಯೋಸ್ ಮತ್ತು ಲಿವಾ ಸರಣಿಯ ಒಟ್ಟು ಮಾರಾಟ ನಾಲ್ಕು ಲಕ್ಷ ದಾಟಿದ್ದರಲ್ಲಿ ಈ ಬೇಡಿಕೆಯ ಪಾಲು ದೊಡ್ಡದು. ಆದರೆ ರಸ್ತೆಯಲ್ಲಿ ಹಳದಿ ಬೋರ್ಡ್ ಹೆಚ್ಚಿದಷ್ಟೂ ವೈಟ್ ಬೋರ್ಡಿನವರಿಗೆ ಮುಜುಗರ ಹೆಚ್ಚಿತು. ಸಾಲ ಮಾಡಿ ಮೊದಲ ಸೆಡಾನ್ ಕೊಂಡ ಕುಟುಂಬಕ್ಕೆ ಅದು ನಾಲ್ಕು ಜನರ ಎದುರು ತಲೆ ಎತ್ತಿ ನಿಲ್ಲುವ ಗಳಿಗೆ. ಅಂಥವರು ಮದುವೆ ಛತ್ರದ ಮುಂದೆ ಕಾರು ನಿಲ್ಲಿಸಿದಾಗ ‘ಡ್ರಾಪ್‌ಗೆ ಬಂದಿದ್ದೀರಾ?’ ಎಂದು ಕೇಳಿದರೆ ಆಗುವ ನೋವನ್ನು ಹಗುರವಾಗಿ ತಳ್ಳಿಹಾಕಲಾಗದು.

ಇದೇ ಕಾರಿಗೆ ಸಮುದ್ರದಾಚೆ ಬೇರೆಯೇ ಗೌರವ ಸಿಕ್ಕಿತು. 2012ರಲ್ಲಿ ಎನ್ನೋರ್ ಬಂದರಿನ ಮೂಲಕ ದಕ್ಷಿಣ ಆಫ್ರಿಕಾಕ್ಕೆ ರಫ್ತು ಶುರುವಾಯಿತು. ಅಲ್ಲಿ ಬಿಡದಿಯ ಎಟಿಯೋಸ್ ಮನೆಮನೆಯ ಮೊದಲ ಕಾರಾಗಿ ಜನಪ್ರಿಯವಾಯಿತು. ಬ್ರೆಜಿಲ್ ಮತ್ತು ಇಂಡೊನೇಷ್ಯಾದಲ್ಲಿ ಸ್ಥಳೀಯವಾಗಿಯೇ ತಯಾರಾಯಿತು.

2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಮಾಲಿನ್ಯ ನಿಯಮ ಜಾರಿಯಾದಾಗ ಎಟಿಯೋಸ್ ನಿಂತುಹೋಯಿತು. ಅದಕ್ಕೂ ಮೊದಲೇ, 2018ರಲ್ಲಿ, ಎಟಿಯೋಸ್‌ನ ಎಲ್ಲ ‘ಆದರೆ’ಗಳಿಗೂ ಉತ್ತರವೆಂಬಂತೆ ಯಾರಿಸ್ ಬಂದಿತ್ತು. ಏಳು ಏರ್‌ಬ್ಯಾಗ್, ಆಟೋಮ್ಯಾಟಿಕ್ ಗೇರ್, ನೀಟಾದ ಒಳಾಂಗಣ ಎಲ್ಲವೂ ಇತ್ತು, ಬೆಲೆಯೂ ಹಾಗೇ ಇತ್ತು. 2021ರಲ್ಲಿ ಅದೂ ನಿಂತಿತು. ಈಗ ಬಿಡದಿಯಲ್ಲಿ ಹೈರೈಡರ್‌ನಂಥ ಎಸ್‌.ಯು.ವಿ.ಗಳು ತಯಾರಾಗುತ್ತವೆ.

ಈಗ ಕೊಳ್ಳುವವರಿಗೆ

ಹಳೆಯ ಎಟಿಯೋಸ್‌ಗೆ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂದಿಗೂ ಗಿರಾಕಿಗಳಿದ್ದಾರೆ. ಅನುಭವಿ ಮಾಲೀಕರ ಸಲಹೆಗಳು ಸ್ಪಷ್ಟವಾಗಿವೆ. ಮೊದಲು ನೋಂದಣಿ ಪತ್ರದ ಇತಿಹಾಸ ನೋಡಬೇಕು. ಹಳದಿ ಬೋರ್ಡಿನಿಂದ ವೈಟ್ ಬೋರ್ಡಿಗೆ ಬದಲಾದ ಗಾಡಿಯಾದರೆ ಮೀಟರ್ ತೋರಿಸುವ ಕಿಲೋಮೀಟರನ್ನು ನಂಬದೆ ಸರ್ವಿಸ್ ದಾಖಲೆ ಕೇಳಬೇಕು. ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹೇರಿದ್ದ ನಿರ್ಬಂಧದಿಂದಾಗಿ ಅಲ್ಲಿನ ಗಾಡಿಗಳು ಅಗ್ಗದ ಬೆಲೆಗೆ ಇಲ್ಲಿಗೆ ಬಂದಿವೆ. ಅಂಥವನ್ನು ಕೊಂಡರೆ ಕರ್ನಾಟಕದಲ್ಲಿ ಮರುನೋಂದಣಿ ಮಾಡಿಸಿ ಜೀವಿತಾವಧಿ ತೆರಿಗೆ ಕಟ್ಟಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಬೇಕು. 2010ರ ಕೊನೆಯಲ್ಲಿ ಮಾರಾಟವಾದ ಮೊದಲ ಕಾರುಗಳು ಈಗಾಗಲೇ 15 ವರ್ಷ ಮುಗಿಸಿವೆ, ನೋಂದಣಿ ನವೀಕರಣದ ಖರ್ಚನ್ನೂ ಸೇರಿಸಿಕೊಳ್ಳಬೇಕು. ಗಾಡಿಯಲ್ಲಿ ನೋಡಬೇಕಾದ್ದು ಕ್ಲಚ್, ಸಸ್ಪೆನ್ಷನ್ನಿನ ಬುಷ್‌ಗಳು, ಎ.ಸಿ.ಯ ತಂಪು, ಬೆಳಿಗ್ಗೆ ತಣ್ಣಗಿರುವಾಗ ಎಂಜಿನ್ ಹತ್ತುವ ರೀತಿ. ಮನೆಬಳಕೆಗೆ, ತಿಂಗಳಿಗೆ ಕಡಿಮೆ ಓಡಾಟಕ್ಕೆ ಪೆಟ್ರೋಲ್, ಅದರಲ್ಲೂ ಎರಡು ಏರ್‌ಬ್ಯಾಗ್ ಇರುವ 2015ರ ನಂತರದ ಮಾದರಿ ಒಳ್ಳೆಯ ಆಯ್ಕೆ.

ಹೊಸ ಕಾರೇ ಬೇಕೆನ್ನುವ ಎಟಿಯೋಸ್ ಮಾಲೀಕರ ಮುಂದೆ ಡಿಜೈರ್, ಅಮೇಜ್, ಔರಾ, ಟಿಗೋರ್ ಇವೆ. 2024ರ ನವೆಂಬರ್‌ನಲ್ಲಿ ಬಂದ ಹೊಸ ಡಿಜೈರ್ ಆರು ಏರ್‌ಬ್ಯಾಗ್‌ಗಳೊಂದಿಗೆ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ತಾರೆ ಪಡೆದಿದೆ. ಅಮೇಜ್‌ನ ಡಿಕ್ಕಿ 416 ಲೀಟರ್. ಎಲ್ಲವೂ ಒಳ್ಳೆಯ ಕಾರುಗಳೇ, ಆದರೆ ಎಟಿಯೋಸ್‌ನಷ್ಟು ಡಿಕ್ಕಿ ಇವುಗಳಲ್ಲಿ ಒಂದಕ್ಕೂ ಇಲ್ಲ. ಅಷ್ಟು ಉದ್ದದ ಕಾರನ್ನು ಅಗ್ಗವಾಗಿ ಮಾರುವುದು ಇಂದು ಇನ್ನಷ್ಟು ಕಷ್ಟ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ ಜಿ.ಎಸ್‌.ಟಿ. ಶೇ 18, ಗೆರೆ ದಾಟಿದರೆ ಶೇ 40. ಸಣ್ಣ ಕಾರಿಗೆ ರಿಯಾಯಿತಿ ಕೊಡುವ ಉದ್ದೇಶ ಇಂಧನ ಉಳಿತಾಯ ಮತ್ತು ಮಧ್ಯಮ ವರ್ಗದ ಅನುಕೂಲವೇ ಆಗಿದ್ದರೆ, ಲೀಟರಿಗೆ 23 ಕಿಲೋಮೀಟರ್ ಮೈಲೇಜಿನ, ಐದು ಜನರ ಕುಟುಂಬವನ್ನು ನೆಮ್ಮದಿಯಾಗಿ ಕೂರಿಸಿಕೊಳ್ಳುವ ಸೆಡಾನ್ ಕೇವಲ 265 ಮಿಲಿಮೀಟರ್ ಉದ್ದದ ಕಾರಣಕ್ಕೆ ಐಷಾರಾಮಿ ಕಾರುಗಳ ಸಾಲಿಗೆ ಸೇರಬಾರದು. ಉದ್ದದ ಬದಲು ಹೊಗೆಯ ಪ್ರಮಾಣವನ್ನೂ ಸುರಕ್ಷತೆಯ ತಾರೆಗಳನ್ನೂ ತೆರಿಗೆಗೆ ಆಧಾರ ಮಾಡಿದರೆ, ಎಟಿಯೋಸ್‌ನ ಹಿಂದಿನ ಸೀಟನ್ನೂ ಇಂದಿನ ಡಿಜೈರ್‌ನ ಐದು ತಾರೆಗಳನ್ನೂ ಒಟ್ಟಿಗೆ ಕೊಡುವ ಕಾರು ಕಟ್ಟಲು ಕಂಪನಿಗಳಿಗೆ ಕಾರಣ ಸಿಗುತ್ತದೆ.